ಮಾವ ತಂದ ಕಾರ್ಬೈಡ್ ದೀಪ

ಕೋಟದ ಹೆದ್ದಾರಿ ಬದಿಯ ವೆಲ್ಡಿಂಗ್ ಅಂಗಡಿಯ ಮುಂದೆ ಹೋದಾಗಲೆಲ್ಲ ಕೊಳೆತ ಬೆಳ್ಳುಳ್ಳಿಯಂಥ ಕಾರ್ಬೈಡ್ ಗ್ಯಾಸಿನ ವಾಸನೆ ಮೂಗಿಗೆ ಬಡಿಯುತ್ತದೆ. ಜನ ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ನಿಂತು ಉಸಿರೆಳೆದುಕೊಳ್ಳುತ್ತೇನೆ. ಖುಷಿಯಾಗುತ್ತದೆ, ಖುಷಿಯಾಯಿತಲ್ಲ ಎಂದು ಮರುಕ್ಷಣವೇ ನಾಚಿಕೆಯೂ ಆಗುತ್ತದೆ. ಅರವತ್ತರ ದಶಕದ ಕೊನೆಯಲ್ಲಿ, ಬೀಜಾಡಿಯ ನಮ್ಮ ಮನೆಗೆ ಇನ್ನೂ ಕರೆಂಟು ಬಾರದ ಕಾಲದಲ್ಲಿ, ನಾನು ಸಣ್ಣ ಹುಡುಗಿಯಾಗಿದ್ದಾಗ, ಬೊಂಬಾಯಿಯ ಹೋಟೆಲಿನಲ್ಲಿದ್ದ ಮಾವ, ಅಮ್ಮನ ತಮ್ಮ, ರಜೆಗೆ ಬರುವಾಗ ಹಿತ್ತಾಳೆಯ ಕಾರ್ಬೈಡ್ ದೀಪವೊಂದನ್ನು ತಂದಿದ್ದ. ಕೆಳಗಿನ ಡಬ್ಬಿಯಲ್ಲಿ ಬೂದಿ ಬಣ್ಣದ ಕಲ್ಲು, ಮೇಲಿನದರಲ್ಲಿ ನೀರು; ನೀರು ತೊಟ್ಟು ತೊಟ್ಟಾಗಿ ಕಲ್ಲಿನ ಮೇಲೆ ಬಿದ್ದಂತೆ ಅದೇ ವಾಸನೆಯ ಗ್ಯಾಸು ಬುಸುಗುಟ್ಟುತ್ತ ಹೊರಬರುತ್ತಿತ್ತು, ಕಡ್ಡಿ ಗೀರಿದರೆ ಹಾಲಿನಷ್ಟು ಬಿಳಿಯ ಬೆಳಕು. ಚಿಮಣಿ ದೀಪದ ಹೊಗೆಯಲ್ಲೇ ಆಯುಷ್ಯ ಕಳೆದ ನನ್ನ ಅತ್ತೆ, ಅಪ್ಪನ ಅಕ್ಕ, ಆ ಬೆಳಕಿನಲ್ಲಿ ತಾನೇ ಸೂಜಿಗೆ ದಾರ ಪೋಣಿಸಿ, "ಮಾಣಿ, ನಂಗ್ ಮತ್ತೆ ಪ್ರಾಯ ಬಂತಲ್ಲ ಮಾರಾಯ" ಎಂದು ಮಾವನ ಕಡೆ ನೋಡಿ ನಕ್ಕಿದ್ದಳು.

ಒಂದು ಬೆಳಿಗ್ಗೆ ಮಾವ, ಕಲ್ಲೆಲ್ಲ ಸತ್ತು ಸುಣ್ಣವಾಗಿದೆ ಎಂದುಕೊಂಡು, ದೀಪದ ಡಬ್ಬಿಯನ್ನು ಬಚ್ಚಲು ಒಲೆಯ ಬೂದಿಗೆ ಸುರಿದ. ಒಳಗೆ ಜೀವವಿದ್ದ ಚೂರುಗಳು ಉಳಿದಿದ್ದವು. ನಮ್ಮ ಕಡೆ ಒಲೆಯ ಬೂದಿ ಗೊಬ್ಬರವಾಗಿ ಹರಿವೆ ಸೊಪ್ಪಿನ ಸಾಲಿಗೆ ಹೋಗಲೇಬೇಕು. ಒಯ್ಯುವ ಮೊದಲು ಕೆಂಡ ಆರಲೆಂದು ನೀರು ಹೊಯ್ಯುವುದು ಅತ್ತೆಯ ದಿನದ ಕೆಲಸ. ಅವಳು ಬಗ್ಗಿ ಒಂದು ಚೆಂಬು ನೀರು ಹೊಯ್ದಳು. ನೀರು ತಾಗಿ ಎದ್ದ ಗ್ಯಾಸಿಗೆ ಕೆಂಡದ ಕಿಡಿ ತಾಗಿ ಭಗ್ಗನೆ ಉರಿ ಎದ್ದಿತು, ಸುಡುಸುಣ್ಣ ಕಣ್ಣಿಗೆ ಸಿಡಿಯಿತು. ಬೆಂಕಿ ಆರಿಸುವ ನೀರೇ ಬೆಂಕಿ ಹುಟ್ಟಿಸೀತು ಎಂದು ಆ ಮನೆಯಲ್ಲಿ ಗೊತ್ತಿದ್ದವನು ಮಾವ ಒಬ್ಬನೇ. ಕುಂದಾಪುರದ ಆಸ್ಪತ್ರೆಯಿಂದ ಬಂದ ಮೇಲೆ ಮುಖದ ಗಾಯ ಮಾಸಿತು, ಕಣ್ಣು ಮಾತ್ರ ಬರಲಿಲ್ಲ. "ನೀ ಎಂತ ಬೇಕಂದೇ ಮಾಡ್ದದ್ದಾ? ಮರ್ಕ್ಬೇಡ" ಎಂದು ಅತ್ತೆಯೇ ಅಳುತ್ತಿದ್ದ ಅವನ ತಲೆ ಸವರಿದಳು. ಆ ಸಮಾಧಾನವನ್ನು ಅವನಿಗೆ ತಾಳಿಕೊಳ್ಳಲಾಗಲಿಲ್ಲ.

ಆಮೇಲೂ ಅವನು ಪ್ರತಿ ರಜೆಗೆ ಬರುತ್ತಿದ್ದ, ಆದರೆ ಅತ್ತೆಯ ಮುಂದೆ ಬಾಯಿ ತೆರೆಯುತ್ತಿರಲಿಲ್ಲ. ದನಿ ಕೇಳಿದರೆ ಅವಳು ಮತ್ತೆ ಸಮಾಧಾನ ಹೇಳುತ್ತಾಳಲ್ಲ ಎಂಬ ಹೆದರಿಕೆ. ಜಗಲಿಯಲ್ಲಿ ಅವಳೆದುರು ಸುಮ್ಮನೆ ಕೂತು, ಹೇಳಬೇಡ ಎಂದು ನನಗೆ ಕೈಸನ್ನೆ ಮಾಡುತ್ತಿದ್ದ. "ಯಾರ್ ಬಂದದ್ದ್ ಹೆಣೆ?" ಎಂದು ಅತ್ತೆ ಕೇಳಿದರೆ, "ಯಾರೂ ಬರ್ಲಿಲ್ಲ ಅತ್ತೆ" ಎಂದು ನಾನೇ ಸುಳ್ಳು ಹೇಳುತ್ತಿದ್ದೆ. ಕಣ್ಣಿಲ್ಲದವಳ ಮುಂದೆ ಹೇಳಿದ ಆ ಸುಳ್ಳನ್ನು ಇಂದಿಗೂ ಮರೆತಿಲ್ಲ. ಈಗ ಆ ಜಗಲಿಯಿಲ್ಲ, ಅವರಿಬ್ಬರೂ ಇಲ್ಲ. ಕೊನೆಯ ಸಲ ಹಾಗೆ ಹೇಳಿದಾಗ ಅತ್ತೆ, "ಬರ್ದೆ ಇದ್ದವ್ರಿಗೂ ಆಸ್ರ್ ಆತ್ತ್. ಬೆಲ್ಲ ನೀರ್ ತಕಂಡ್ ಬಾ" ಎಂದಳು. ಬಾಯಾರಿದವರಿಗೆ ಕೊಡುವ ಬೆಲ್ಲ ನೀರನ್ನು ಮಾವನ ಮುಂದೆ ತಂದಿಟ್ಟೆ. ಮಾವ ಕುಡಿಯುವ ಸದ್ದಿಗೆ ಅವಳು ಕೊನೆಯ ಗುಟುಕಿನವರೆಗೂ ಕಿವಿಗೊಟ್ಟು ಕೂತಿದ್ದಳು. ಆಮೇಲೆ, "ಲೋಟ ಒಳ್ಗಿಡ್" ಎಂದಳು, ಅಷ್ಟೇ.