ನೀಲಿ ಕಣ್ಣಿನ ಇಂಡಿಯನ್

ಎರಡು ಗಂಟೆ ಒಂದೇ ಕಡೆ ಕೂತು ಸಿನಿಮಾ ನೋಡುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಮೆಲ್ಬರ್ನ್ ಬಿಟ್ಟು ಸಿಡ್ನಿಗೆ ಬಂದ ವರ್ಷವಂತೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ಪಿಆರ್ ಅರ್ಜಿ ಯಾವುದೋ ಫೈಲಿನಲ್ಲಿ ಮಲಗಿತ್ತು. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ನನ್ನ ಕಾಂಟ್ರಾಕ್ಟು ಮೂರು ಮೂರು ತಿಂಗಳಿಗೆ ಕುಂಟುತ್ತಿತ್ತು. ನನ್ನ ಗಂಡನಿಗೆ ಇದ್ಯಾವುದೂ ತಟ್ಟುತ್ತಿರಲಿಲ್ಲ. ಹುಬ್ಬಳ್ಳಿಯ ಮಾರ್ನಿಂಗ್ ಶೋಗಳಲ್ಲಿ ಹತ್ತಿದ ಕೌಬಾಯ್ ಸಿನಿಮಾದ ಹುಚ್ಚು ಅವರದು. ಶನಿವಾರ ಬಂತೆಂದರೆ ಲೈಬ್ರರಿಯಿಂದ ಹಳೆಯ ಡಿವಿಡಿ ತಂದು, ಹ್ಯಾರಿಸ್ ಪಾರ್ಕ್ ಬಡಾವಣೆಯ ನಮ್ಮ ಮನೆಯ ಪುಟ್ಟ ಹಾಲಿನಲ್ಲಿ ಏಳು ವರ್ಷದ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡುಬಿಡುತ್ತಿದ್ದರು.

ಆ ವಾರ ಮಗಳಿಗೂ ಅದು ಬೇಕಾಗಿತ್ತು. ಅವಳ ಕ್ಲಾಸಿನಲ್ಲಿ ಕೌಬಾಯ್ ನಾಟಕ. ಊರು ಕಾಯುವ ಪೊಲೀಸ್, ಷೆರೀಫ್ ಪಾರ್ಟು ಯಾರಿಗೆ ಎಂದು ಸೋಮವಾರ ಆರಿಸುವವರಿದ್ದರು. ನಮ್ಮವಳಿಗೆ ಷೆರೀಫೇ ಆಗಬೇಕು, ಮಾತೆಲ್ಲ ಬಾಯಿಪಾಠವಾಗಿತ್ತು. ಆದರೆ ಗೆಳತಿಯೊಬ್ಬಳು, ನೀನು ಇಂಡಿಯನ್ ತಾನೇ, ಇಂಡಿಯನ್ ಪಾರ್ಟೇ ಮಾಡು ಎಂದುಬಿಟ್ಟಿದ್ದಳಂತೆ. ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಆ ಇಂಡಿಯನ್ಸ್ ಬ್ಯಾರೆ, ನಾವು ಬ್ಯಾರೆ. ಅವರು ಅಮೆರಿಕಾದಾಗ ಮೊದಲಿಂದ ಇದ್ದ ಮಂದಿ" ಎಂದು ಗಂಡ ಸಮಾಧಾನ ಹೇಳಿದರು.

ಪರದೆಯ ಮೇಲೆ ಗರಿ ಮುಡಿದ ಇಂಡಿಯನ್ ಮುಖಂಡನೊಬ್ಬ ಕೈಕಟ್ಟಿ ನಿಂತಿದ್ದ. ಮಗಳು ಟೀವಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಅಪ್ಪಾ, ಹಿಸ್ ಐಸ್ ಆರ್ ಬ್ಲೂ."

ಸೌಟು ಹಿಡಿದುಕೊಂಡೇ ನಾನೂ ಅಡುಗೆಮನೆಯಿಂದ ಬಂದೆ. ಹೌದು, ನೀಲಿ ಕಣ್ಣು. ಕುತ್ತಿಗೆಯಲ್ಲಿ ಕಂದು ಬಣ್ಣ ಮುಗಿದು ಅವನ ಸ್ವಂತ ಬಿಳಿ ಚರ್ಮ ಶುರುವಾಗುವ ಗೆರೆಯೂ ಕಾಣುತ್ತಿತ್ತು.

"ಬಣ್ಣ ಹಚ್ಯಾರ. ಆಗೆಲ್ಲಾ ಬಿಳೇ ಮಂದೀನ ಈ ಪಾರ್ಟ್ ಮಾಡ್ತಿದ್ರು."

"ಯಾಕೆ, ನಿಜವಾದವ್ರು ಸಿಗ್ಲಿಲ್ವಾ?" ಎಂದೆ.

"ಸಿಗ್ತಿದ್ರು. ಗುಂಪಿನಾಗ ನಿಲ್ಲಿಸ್ತಿದ್ರು, ಕುದುರಿ ಮ್ಯಾಲಿಂದ ಬೀಳಾಕ."

"ಇಷ್ಟು ವರ್ಷ ನೋಡಿದೀರಲ್ಲಾ, ಒಂದ್ಸಲಾನೂ ಈ ನೀಲಿ ಕಣ್ಣು ಕಾಣಿಸ್ಲಿಲ್ವಾ?"

"ನಾವು ಹೀರೋನ್ನ ನೋಡ್ತಿದ್ವಿ ಮಾರಾಯ್ತಿ."

ನನಗೆ ಮೈಯೆಲ್ಲ ಉರಿಯಿತು. ಅವರ ಮೇಲೋ, ಬಣ್ಣ ಬಳಿದುಕೊಂಡ ಆ ಮುಖಂಡನ ಮೇಲೋ ತಿಳಿಯಲಿಲ್ಲ. ಮಗಳು ಟೀವಿಯ ಮುಂದೆಯೇ ಕೂತು ಸಿನಿಮಾ ಪೂರ್ತಿ ನೋಡಿದಳು.

ಸೋಮವಾರ ಬೆಳಿಗ್ಗೆ ನಾನು ಆಫೀಸಿಗೆ ತಯಾರಾಗಿ ಪರ್ಸು ಹುಡುಕುತ್ತಿದ್ದೆ. ಬಾತ್‌ರೂಮಿನಲ್ಲಿ ಮಗಳು ನನ್ನ ಪೌಡರಿನ ಡಬ್ಬಿ ಬರಿದು ಮಾಡಿ ನಿಂತಿದ್ದಳು. ಕೆನ್ನೆ, ಕಿವಿ, ಎಲ್ಲ ಬೆಳ್ಳಗೆ. ಕಾಲರಿನ ಒಳಗಿನವರೆಗೂ ಬಳಿದುಕೊಂಡಿದ್ದಳು.

"ಏನೇ ಇದು?"

"ಹೀ ಪೇಂಟೆಡ್ ಹಿಮ್‌ಸೆಲ್ಫ್ ಟು ಬಿ ಇಂಡಿಯನ್. ಸೋ ಐ ಕ್ಯಾನ್ ಬಿ ದ ಷೆರೀಫ್."

ಒದ್ದೆ ಟವೆಲ್ಲಿನಿಂದ ಒರೆಸಿದೆ, ಸಿಟ್ಟಿನಲ್ಲಿ ಕೊಂಚ ಜೋರಾಗಿಯೇ. "ಇರೋ ಮುಖದಲ್ಲೇ ಆಗು ಷೆರೀಫು. ಆಗಲ್ಲ ಅಂತ ಯಾರಾದ್ರೂ ಅಂದ್ರೆ ನಾನೇ ಬಂದು ಕೇಳ್ತೀನಿ."

ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ದನಿಯಲ್ಲಿ ಕೊಂಕಿರಲಿಲ್ಲ.

"ಅಮ್ಮಾ, ಯು ಪುಟ್ ಇಟ್ ಆನ್ ಎವ್ರಿ ಡೇ ಫಾರ್ ಆಫೀಸ್. ಹೂ ಆರ್ ಯು ಪ್ಲೇಯಿಂಗ್?"

ಸಂಜೆ ಷೆರೀಫ್ ಪಾರ್ಟು ತನಗೇ ಸಿಕ್ಕಿತೆಂದು ಕುಣಿಯುತ್ತ ಬಂದಳು. ನಾನು ಮಾತ್ರ ಬೆಳಿಗ್ಗೆ ಟ್ರೈನ್ ತಪ್ಪುತ್ತೆ ಎಂದು ಹೇಳಿ, ಅವಳನ್ನು ಒರೆಸುವಾಗ ಕದಡಿದ್ದ ನನ್ನ ಮುಖಕ್ಕೆ ಡಬ್ಬಿಯ ತಳಕ್ಕೆ ಅಂಟಿದ್ದ ಪೌಡರನ್ನೇ ಬಳಿದುಕೊಂಡು ಓಡಿದ್ದೆ.