ಐಸಮ್ಮನ ಜೊತೆ ನೆಟ್ಟಣಕ್ಕೆ

ಕಳೆದ ವಾರ ಮನೆಯೆದುರಿನ ಮೈದಾನದಲ್ಲಿ ಯಾರೋ ಕಾರು ಕಲಿಯುತ್ತಿದ್ದರು. ಕ್ಲಚ್ಚಿನಿಂದ ಕಾಲು ತೆಗೆಯದೆ ಗಾಡಿಯನ್ನು ಗೋಳಾಡಿಸಿ, ಪ್ಲೇಟು ಸುಟ್ಟ ವಾಸನೆಯನ್ನು ನಮ್ಮ ಜಗಲಿಯವರೆಗೆ ಕಳುಹಿಸಿದರು. ಬೇರೆಯವರು ಮೂಗು ಮುಚ್ಚುವ ವಾಸನೆ. ನನಗೆ ನಗು ಬಂತು. ಹನ್ನೆರಡು ವರ್ಷ ಜೀಪು ಓಡಿಸಿದ ಮೇಲೆ, ಎಲ್ ಬೋರ್ಡಿನವರ ಹಾಗೆ ಇದೇ ವಾಸನೆ ಎಬ್ಬಿಸಿದ ಡ್ರೈವರ್ ನಾನು. ಪುರುಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಕಡಬದಿಂದ ನೆಟ್ಟಣದ ರೈಲ್ವೆ ಸ್ಟೇಷನ್ನಿಗೆ ನಾನು ಸರ್ವೀಸ್ ಜೀಪು ಬಿಡುತ್ತಿದ್ದೆ. ಜನ ತುಂಬಿದರೆ ಡ್ರೈವರನ ಅರ್ಧ ಮೈ ಹೊರಗೆ. ಹಾಗೆ ನೇತಾಡಿಕೊಂಡು ಓಡಿಸುವುದನ್ನೇ ಧೈರ್ಯ ಎಂದು ತಿಳಿದಿದ್ದೆ. ಒಂದು ಮಧ್ಯಾಹ್ನ ಸ್ಟೇಷನ್ನಿನಿಂದ ಬರುವಾಗ ತಿರುವಿನಲ್ಲಿ ದನ ಅಡ್ಡ ಬಂತು. ಬ್ರೇಕ್ ಒತ್ತಿದೆ. ಜೀಪು ಜಾರಿ ಚರಂಡಿಗೆ ಮಗುಚಿತು. ಪುಣ್ಯಕ್ಕೆ ಆ ದಿನ ಜನ ಕಡಿಮೆ. ಎಲ್ಲರಿಗೂ ತರಚು ಗಾಯವಷ್ಟೆ. ನಮ್ಮ ಕಡಬದವರೇ ಆದ ಐಸಮ್ಮ ಎಂಬ ಬ್ಯಾರಿ ಮುದುಕಿಯ ಬಲಗೈ ಮಾತ್ರ ಮುರಿಯಿತು.

ಜೀಪು ಹತ್ತು ದಿನದಲ್ಲಿ ರಿಪೇರಿಯಾಗಿ ಬಂತು. ರಿಪೇರಿಯಾಗದೆ ಉಳಿದದ್ದು ನಾನು. ಸ್ಟೀರಿಂಗ್ ಮುಟ್ಟಿದರೆ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು. ಕಣ್ಣು ಮುಚ್ಚಿದರೆ ಐಸಮ್ಮನ ಕೂಗು. ಕೇಳಿದವರಿಗೆಲ್ಲ ಜೀಪು ಕೆಟ್ಟಿದೆ ಎಂದೆ. ಆದರೆ ಒಳಗೆ ಕೂರದೆ ಹೊರಗಿನಿಂದಲೇ ದಿನಾ ಅದನ್ನು ತೊಳೆಯುತ್ತಿದ್ದೆ. ಇಡೀ ಕಡಬದಲ್ಲಿ ಅಷ್ಟು ಶುಭ್ರವಾದ ಕೆಟ್ಟ ಜೀಪು ಇನ್ನೊಂದಿರಲಿಲ್ಲ. ಹೆದರಿಕೆ ಬಿಡಲೆಂದು ಮೂರು ಕಡೆ ಮಂತ್ರಿಸಿದ ನೂಲು ಕಟ್ಟಿಸಿಕೊಂಡೆ. ಮನೆ ನಡೆದದ್ದು ನನ್ನ ಹೆಂಡತಿ ಸುಶೀಲಳ ಹೊಲಿಗೆ ಮೆಶಿನ್ನಿನಿಂದ. ಐಸಮ್ಮನ ಮನೆಯ ದಾರಿ ತಪ್ಪಿಸಲು ಪೇಟೆಗೆ ಗುಡ್ಡೆ ಸುತ್ತಿ ಹೋಗುತ್ತಿದ್ದೆ. ಹೀಗೆ ಒಂದು ವರ್ಷ.

ನನ್ನ ಹೃದಯ ಹೋಯಿತೆಂದು ನಾನೇ ತೀರ್ಮಾನಿಸಿ ಪುತ್ತೂರಿನ ಡಾಕ್ಟರಿಗೆ ತೋರಿಸಿದೆ. ಹೃದಯ ಗಟ್ಟಿಯುಂಟು, ಶನಿವಾರ ಮಂಗಳೂರಿನಿಂದ ಮನಸ್ಸಿನ ಡಾಕ್ಟ್ರಮ್ಮ ಬರುತ್ತಾರೆ, ಅವರನ್ನು ನೋಡು ಎಂದರು. ನನಗೆ ಅವಮಾನವಾಯಿತು. ನನಗೆಂತ ಮರ್ಲಾ, ಹುಚ್ಚು ಹಿಡಿದಿದೆಯಾ ಎಂದು ಮನೆಗೆ ಬಂದು ಹಾರಾಡಿದೆ. ಸುಶೀಲ ಹೊಲಿಗೆಯಿಂದ ತಲೆ ಎತ್ತಲಿಲ್ಲ.

“ಜೀಪಿಗೆ ಪೆಟ್ಟಾದ್ರೆ ಗ್ಯಾರೇಜಿಗೆ ಕೊಂಡುಹೋಗುದಿಲ್ವಾ? ನಾಡಿದ್ದು ಶನಿವಾರ. ಹೊರಡಿ.”

ಡಾಕ್ಟ್ರಮ್ಮ ನನಗಿಂತ ಚಿಕ್ಕವರು. ಅಪಘಾತದ ದಿನದ್ದನ್ನು ಬೆಳಗಿನಿಂದ ಹೇಳಿ ಎಂದರು. ಮೊದಲ ಶನಿವಾರ ನಾನು ಆ ಬೆಳಿಗ್ಗೆ ತಿಂದ ಕಡುಬಿನ ವಿಷಯವನ್ನೇ ಅರ್ಧ ಗಂಟೆ ಹೇಳಿದೆ. ಅವರು ಅದನ್ನೂ ಕೇಳಿದರು. ಎರಡನೆಯ ಶನಿವಾರ ತಿರುವಿನವರೆಗೆ ಬಂದು ಅತ್ತೆ. ನನ್ನ ಅಳು ಮುಗಿಯುವವರೆಗೆ ಕಾದು ಹೇಳಿದರು: “ನಿಮ್ಮ ಮೈ ಇನ್ನೂ ಆ ತಿರುವಿನಲ್ಲೇ ಉಂಟು. ಎಲ್ಲ ಮುಗಿದಿದೆ ಅಂತ ಅದಕ್ಕೆ ಗೊತ್ತಾಗಲಿಲ್ಲ. ನಾವು ನಿಧಾನ ಹೇಳಿಕೊಡುವ.”

ನಾಲ್ಕನೆಯ ಸಲ ಹೇಳುವಾಗ ನಾನೇ ಮರೆತದ್ದೊಂದು ಹೊರಬಂತು. ಐಸಮ್ಮನನ್ನು ಎತ್ತಿ ರಸ್ತೆಗೆ ತಂದವನು ನಾನು. ಹೆಗಲಿನ ಬೈರಾಸು ತೆಗೆದು ಅವರ ಕೈಯನ್ನು ಕುತ್ತಿಗೆಗೆ ಕಟ್ಟಿ, ಲಾರಿ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ದವನೂ ನಾನೇ. ಒಂದು ವರ್ಷ ಆ ಕೂಗು ಮಾತ್ರ ನೆನಪಿತ್ತು, ಆಮೇಲಿನದ್ದು ಅಳಿಸಿಯೇ ಹೋಗಿತ್ತು. ಅದುವರೆಗೆ ರಸ್ತೆ ಕಾಣದಂತೆ ಹಿಂದೆ ಕೂರುತ್ತಿದ್ದವನು ಆ ದಿನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಮನೆಗೆ ಬಂದೆ.

ಆಮೇಲೆ ಪಾಠ ಶುರು. ಕೀಲಿ ಹಾಕದೆ ದಿನಾ ಹತ್ತು ನಿಮಿಷ ಡ್ರೈವರ್ ಸೀಟಿನಲ್ಲಿ ಕೂರಬೇಕು. ಎದೆ ಹೊಡೆದುಕೊಂಡರೆ ಓಡಿಹೋಗದೆ ಉಸಿರನ್ನು ಉದ್ದಕ್ಕೆ ಬಿಡಬೇಕು. ಸುಶೀಲ ರವಿಕೆಗೆ ಹುಕ್ಕು ಹಾಕುತ್ತ ಪಕ್ಕದಲ್ಲಿ ಕೂರುತ್ತಿದ್ದಳು. ನಿಂತ ಜೀಪಿನಲ್ಲಿ ಗಂಡ ಹೆಂಡತಿ ಎಲ್ಲಿಗೆ ಸವಾರಿ ಎಂದು ದಾರಿಹೋಕರು ಕೇಳಿದರೆ ಬೊಂಬಾಯಿಗೆ ಎನ್ನುತ್ತಿದ್ದಳು. ಎರಡನೆಯ ವಾರ ಇಂಜಿನ್ ಚಾಲೂ ಮಾಡಿದೆ. ಮೂರನೆಯ ವಾರ ಕ್ಲಚ್ಚಿನ ವಾಸನೆ ಎಬ್ಬಿಸಿ ಗೇಟಿನವರೆಗೆ ಹೋದೆ. ಗೇಟಿನಿಂದ ಪೇಟೆಗೆ ಮತ್ತೊಂದು ತಿಂಗಳು ಹಿಡಿಯಿತು.

ಉಳಿದದ್ದು ಐಸಮ್ಮ. ಕ್ಷಮೆ ಕೇಳುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಅವರನ್ನೊಮ್ಮೆ ನೋಡಿ ಬನ್ನಿ ಎಂದರು ಡಾಕ್ಟ್ರಮ್ಮ. ಹೋದೆ. ಐಸಮ್ಮ ಅದೇ ಬಲಗೈಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರೇ ಕೈ ಮೇಲೆತ್ತಿ ತೋರಿಸಿದರು. ಮೊಣಕೈ ಕೆಳಗೆ ಸ್ವಲ್ಪ ಸೊಟ್ಟ.

“ಎಲ್ಲಿ ಹೋಗಿದ್ದೆ ಮಾರಾಯ? ನೆಟ್ಟಣದಲ್ಲಿ ಮಗಳು ಹೆತ್ತು ಮಲಗಿದ್ದಾಳೆ. ಬೇರೆ ಜೀಪಿನವರು ಮನೆ ಬಾಗಿಲಿಗೆ ಬರುದಿಲ್ಲ. ನಾಳೆ ನನ್ನನ್ನು ಬಿಟ್ಟು ಬಾ.”

ಅವರು ಕೊಟ್ಟ ರೊಟ್ಟಿಯನ್ನು ಕಣ್ಣೀರಿನಲ್ಲೇ ತಿಂದೆ.

ಮರುದಿನ ಐಸಮ್ಮ ಗಂಟುಮೂಟೆಯೊಡನೆ ಮುಂದಿನ ಸೀಟಿನಲ್ಲೇ ಕೂತರು. ತಿರುವಿಗೆ ಮೊದಲೇ ಕಾಲು ಬ್ರೇಕಿಗೆ ಹೋಯಿತು. ಜೀಪು ನಿಲ್ಲಿಸಿದೆ. ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಕೊನೆಗೆ ರಸ್ತೆ ನೋಡುತ್ತಲೇ ಹೇಳಿದರು: “ನಿಧಾನ ಹೋಗುವ. ಮಗು ಹುಟ್ಟಿ ಆಯ್ತಲ್ಲ, ಇನ್ನು ಓಡಿಹೋಗುದಿಲ್ಲ.”

ನಾನು ನಕ್ಕುಬಿಟ್ಟೆ. ನಕ್ಕಾಗ ಉಸಿರು ತಾನಾಗಿ ಉದ್ದಕ್ಕೆ ಹೋಯಿತು. ಒಂದನೇ ಗೇರಿನಲ್ಲಿ ತಿರುವು ದಾಟಿದೆ. ನೆಟ್ಟಣದಲ್ಲಿ ಆ ಮಗುವನ್ನು ನನ್ನ ಕೈಗೇ ಕೊಟ್ಟರು, ಕೈ ನಡುಗಲಿಲ್ಲ. ಒಬ್ಬನೇ ಹಿಂದೆ ಬರುವಾಗ ಅದೇ ತಿರುವಿನಲ್ಲಿ ಸಿಳ್ಳೆ ಹಾಕುತ್ತಿದ್ದೆನೆಂದು ದಾಟಿದ ಮೇಲೆ ತಿಳಿಯಿತು. ಶನಿವಾರ ಇದನ್ನೆಲ್ಲ ಕೇಳಿದ ಡಾಕ್ಟ್ರಮ್ಮ ಮಗುವಿನ ಹೆಸರೇನೆಂದು ವಿಚಾರಿಸಿದರು. ಕೇಳಲು ಮರೆತಿದ್ದೆ. ಅದಕ್ಕೆಂದೇ ಇನ್ನೊಮ್ಮೆ ನೆಟ್ಟಣಕ್ಕೆ ಹೋದೆ.

ಭಯ ಪೂರ್ತಿ ಹೋಯಿತೆಂದು ಸುಳ್ಳು ಹೇಳುವುದಿಲ್ಲ. ಈಗಲೂ ಅಪರೂಪಕ್ಕೆ ಬರುತ್ತದೆ. ಬಂದರೆ ಕೂತು, ಸ್ವಲ್ಪ ಹೊತ್ತಿನಲ್ಲಿ ಎದ್ದು ಹೋಗುತ್ತದೆ.

ಮೈದಾನದ ಕಾರು ನೋಡಿದ ಮರುದಿನ ಆಲಂಕಾರಿನ ಹಳೆಯ ಸ್ನೇಹಿತರೊಬ್ಬರ ಮನೆಗೆ ಹೋದೆ. ಹೆಂಡತಿ ತೀರಿಕೊಂಡ ಮೇಲೆ ಅವರು ನಾಲ್ಕು ತಿಂಗಳಿಂದ ಅಂಗಳಕ್ಕೂ ಇಳಿದಿರಲಿಲ್ಲ. ಇಷ್ಟು ವರ್ಷ ಹೊರಗಿನವರಿಗೆ ಬಿಟ್ಟುಕೊಡದ ಈ ಕಥೆಯನ್ನು ಅವರಿಗೆ ಪೂರ್ತಿ ಹೇಳಿದೆ. ಕೊನೆಗೆ ಅವರು ಪುತ್ತೂರಿನಲ್ಲಿ ಈಗಲೂ ಅಂಥ ಡಾಕ್ಟರು ಉಂಟಾ ಎಂದು ಕೇಳಿದರು.

ನಾಡಿದ್ದು ಹೊರಡುತ್ತಿದ್ದೇವೆ. ಕಾರು ನಾನೇ ಬಿಡುತ್ತೇನೆ. ಅವರಿಗೆ ಪಕ್ಕದ ಸೀಟು.