ಪಕೀರಪ್ಪನ ದ್ರಾಕ್ಷಿ ದಂಡಯಾತ್ರೆ

ಆದೋನಿಯ ನಮ್ಮ ಓಣಿಯಲ್ಲಿ ಪಕೀರಪ್ಪನಷ್ಟು ಯೋಜನೆ ಹಾಕುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಹತ್ತಿ ಕಾರ್ಖಾನೆಗೆ ಬಂಡಿ ಹೊಡೆಯುವುದು ಅವನ ಕಸುಬು. ಮನಸ್ಸಿನಲ್ಲಿ ಅವನು ಸೇನಾಪತಿ. ಆಂಧ್ರ ರಾಜ್ಯ ಹುಟ್ಟಿದ ಮೇಲಿನ ಎರಡನೆಯ ಬೇಸಿಗೆಯಲ್ಲಿ ಹೆಂಡತಿ ಸುಂಕಲಮ್ಮನಿಗೆ ಮಾತು ಕೊಟ್ಟ: "ಈ ಸಲ ನಿನಗ ಬಳ್ಳಿಮ್ಯಾಲಿನ ದ್ರಾಕ್ಷಿ ತೋರಸ್ತೀನಿ."

ಆಕೆ ಸಂತೆಯ ಬುಟ್ಟಿಯಲ್ಲಿ ಮುದುಡಿ ಕೂತ ದ್ರಾಕ್ಷಿಯನ್ನಷ್ಟೇ ಕಂಡವಳು. "ಇಪ್ಪತ್ತು ವರ್ಷದಿಂದ ಹೇಳಾಕತ್ತೀರಿ. ಅಷ್ಟರಾಗ ನಾನೇ ಒಣದ್ರಾಕ್ಷಿ ಆದೆ!"

ಊರಿನಿಂದ ಮೂರು ಮೈಲಿ ದೂರದಲ್ಲಿ ಚಿನ್ನಪ್ಪನ ದ್ರಾಕ್ಷಿ ತೋಟ. ಹಿಂದಿನ ವಾರವೇ ಹೋಗಬಹುದಿತ್ತು. ಆದರೆ ಬಂಡಿಗೆ ಹೊಸ ಕಮಾನು, ಕಮಾನಿಗೆ ಚಾಪೆ, ಎತ್ತುಗಳ ಕೊಂಬಿಗೆ ಬಣ್ಣ, ಇಷ್ಟಿಲ್ಲದೆ ಸೇನಾಪತಿ ಹೊರಡುವುದುಂಟೆ? ಬುಧವಾರವೆಂದು ನಿಶ್ಚಯವಾಯಿತು. ಪಕ್ಕದ ಮನೆಯ ಮಾರೆಣ್ಣ ಖಾಲಿ ಸೀಸೆ ಹಿಡಿದು ತಾನಾಗಿಯೇ ಸೇನೆಗೆ ಸೇರಿದ.

"ಸೀಸೆ ಯಾಕಲೇ?"

"ರಸ ತುಂಬಿ ಹಿತ್ತಲದಾಗ ಹೂಳ್ತೀನಿ ಮಾವ. ಆಮ್ಯಾಲೆ ಅದು ಏನಾಗತೈತೋ, ಅದರ ಇಷ್ಟ."

"ಸರಕಾರ ಕುಡಿತ ಬಂದ್ ಮಾಡೈತಿ."

"ರಸಕ್ಕ ಅದು ಗೊತ್ತಿಲ್ಲಲ್ಲ!"

ಭಾನುವಾರ ರಾತ್ರಿ ಚಿನ್ನಪ್ಪ ಹೇಳಿಕಳಿಸಿದ: ಮಂಗಳವಾರ ನಸುಕಿನಲ್ಲೇ ವ್ಯಾಪಾರಿ ಬಂದು ತೋಟವನ್ನೆಲ್ಲ ಕೊಯ್ಯುತ್ತಾನೆ, ಹಣ್ಣು ನೋಡುವುದಾದರೆ ನಾಳೆಯೇ ಬನ್ನಿ.

ನಾಳೆ ಸೋಮವಾರ, ಬಸವಣ್ಣನ ವಾರ. ಅಂದು ನಮ್ಮಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಡೆದು ಹೋಗೋಣವೆಂದರೆ ಸುಂಕಲಮ್ಮನ ಮೊಣಕಾಲು ಊದಿತ್ತು. ಆಕೆ ಬುಧವಾರಕ್ಕೆಂದು ತೆಗೆದಿಟ್ಟಿದ್ದ ಸೀರೆಯನ್ನು ಮಡಚಿ ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದಳು.

ಆ ಮುಚ್ಚಳದ ಸದ್ದಿಗೆ ಸೇನಾಪತಿ ಎದ್ದು ನಿಂತ. "ಸೋಮವಾರ ಎತ್ತಿಗೈತಿ. ನನಗೇನೈತಿ?"

ಮರುದಿನ ಬೆಳಗ್ಗೆ ನೊಗದ ಎಡಕ್ಕೆ ಪಕೀರಪ್ಪ, ಬಲಕ್ಕೆ ಮಾರೆಣ್ಣ. ಎತ್ತುಗಳೆರಡೂ ಬಣ್ಣದ ಕೊಂಬು ಅಲ್ಲಾಡಿಸುತ್ತ ಬಂಡಿಯ ಹಿಂದೆ ಬೀಗರಂತೆ ನಡೆದವು. ಓಣಿಗೆ ಓಣಿಯೇ ಬಾಗಿಲಿಗೆ ಬಂತು.

"ಏನ್ರಿ, ಮಂದಿ ನಗಾಕತ್ತಾರ!" ಸುಂಕಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಗಲಿ ಬಿಡು. ಗಟ್ಟಿ ಹಿಡಕೊಂಡು ಕೂಡು."

ಎರಡು ಫರ್ಲಾಂಗು ಹೋಗುವಷ್ಟರಲ್ಲಿ ಸೆರಗು ಸರಿದಿತ್ತು, ಬಾರುಕೋಲು ಆಕೆಯ ಕೈಯಲ್ಲಿತ್ತು. "ಹೋಯ್! ಈ ಬಲಗಡಿ ಎತ್ತು ಭಾಳ ಮೈಗಳ್ಳ ಐತಿ!"

"ಅತ್ತಿ, ಬಲಗಡಿ ಎತ್ತಿಗೆ ಇನ್ನಾ ಮೇವು ಬಿದ್ದಿಲ್ಲ!" ಎಂದು ಮಾರೆಣ್ಣ ಏದುಸಿರು ಬಿಟ್ಟ.

ತೋಟದ ಬಾಗಿಲಲ್ಲಿ ಚಿನ್ನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾವ ಸಂತ್ಯಾಗ ತಂದಿ ಪಕೀರಪ್ಪ, ಈ ಹೊಸ ಜೋಡಿ?" ನಕ್ಕು ಮುಗಿದ ಮೇಲೆ ಎತ್ತುಗಳಿಗೆ ಬೆಲ್ಲ ಕೊಟ್ಟ, ಇವರಿಬ್ಬರಿಗೆ ಮಜ್ಜಿಗೆ.

ಸುಂಕಲಮ್ಮ ಕುಂಟುತ್ತ ಚಪ್ಪರದೊಳಗೆ ಹೋದಳು. ಹಸಿರು ಗೊಂಚಲುಗಳು ಆಕೆಯ ಹಣೆಗೆ ತಾಗಿದವು. ಕೀಳಲಿಲ್ಲ, ಒಂದೊಂದನ್ನೂ ಅಂಗೈಯಲ್ಲಿ ತೂಗಿ ತೂಗಿ ಬಿಟ್ಟಳು. "ಝುಮಕಿ ಹಂಗ ಜೋತಾಡ್ತಾವಲ್ರಿ!" ಎಂದು ಗಂಡನ ಕಡೆ ತಿರುಗಿದಾಗ, ಹೆಗಲು ಕೆಂಪಾಗಿದ್ದ ಸೇನಾಪತಿ ಜಗತ್ತನ್ನೇ ಗೆದ್ದವನಂತೆ ನಿಂತಿದ್ದ.

ಹೊರಡುವಾಗ ಚಿನ್ನಪ್ಪ ಎರಡು ಬುಟ್ಟಿ ಹಣ್ಣು ಬಂಡಿಗೇರಿಸಿದ. ಮಾರೆಣ್ಣ ತುಂಬಿದ ಸೀಸೆಯನ್ನು ಸೊಂಟಕ್ಕೆ ಸಿಕ್ಕಿಸಿ ನೊಗ ನೋಡಿದ. "ಮಾವ, ತಿರುಗಿ ಬರೋದು ನಿನ್ನ ಯೋಜನೆದಾಗ ಇತ್ತೇನು?"

ಪಕೀರಪ್ಪ ತಲೆ ಕೆರೆದುಕೊಂಡ. ಸೋಮವಾರ ಇನ್ನೂ ಮುಗಿದಿರಲಿಲ್ಲ.

"ಮೈಲಿಗೊಂದು ಗೊಂಚಲು ಕೊಡ್ತೀನಿ, ನಡೀರಿ!" ಬಂಡಿಯ ಮೇಲಿಂದ ಬಾರುಕೋಲು ಎದ್ದಿತು.

ಮೊದಲ ಮೈಲಿ ದಾಟುವ ಮೊದಲೇ ಮಾರೆಣ್ಣ ಬಾಯಾರಿ ಸೀಸೆಯನ್ನು ಗಟಗಟ ಖಾಲಿ ಮಾಡಿದ. ಬೇರೆ ಏನೂ ಆಗುವ ಅವಕಾಶ ಆ ರಸಕ್ಕೆ ಸಿಗಲೇ ಇಲ್ಲ.